ಇಂಗ್ಲೆಂಡಿನಲ್ಲಿ ಪಾಲಿಗೆ ಹಿಡಿದ ಜೇನು

ಇಂಗ್ಲೆಂಡಿಗೆ ಹೋಗಿ ಬಂದವರು ದೊಡ್ಡ ಗಡಿಯಾರದ ಗೋಪುರದ ಮುಂದೆ ನಿಂತ ಫೋಟೋ ತೋರಿಸುತ್ತಾರೆ. ನಮ್ಮ ಹತ್ತಿರ ಇರುವುದು ಒಂದು ಎಲೆಕೋಸಿನ ಪಾತಿಯ ಫೋಟೋ. ಪಾತಿಯ ಪಕ್ಕ ನಮ್ಮ ಮಾವನವರು ನಿಂತಿದ್ದಾರೆ. ಅವರ ಎಡಗಣ್ಣು ಊದಿ ಪೂರ್ತಿ ಮುಚ್ಚಿಕೊಂಡಿದೆ. ಮಳವಳ್ಳಿಯಲ್ಲಿ ಇದನ್ನು ನೋಡಿದವರೆಲ್ಲ ಕೇಳುವುದು ಒಂದೇ ಮಾತು: "ಕಚ್ಚಿಸ್ಕೊಳಾಕೆ ಅಷ್ಟು ದೂರ ಓಗ್ಬೇಕಿತ್ತಾ? ಇಲ್ಲೇ ಟ್ಯಾಂಕಿನ ಕೆಳಗೆ ನಿಂತ್ಕಂಡಿದ್ರೆ ಆಗ್ತಿರ್ಲಿಲ್ವಾ?" ಒಬ್ಬೊಬ್ಬರಿಗೂ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಉತ್ತರ ಹೇಳಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ.

ಮಂಡ್ಯದ ಚೌಟ್ರಿ

ವಿದೇಶ ಪ್ರವಾಸ ಶುರುವಾಗಿದ್ದು ಮಂಡ್ಯದ ಒಂದು ಮದುವೆ ಚೌಟ್ರಿಯಲ್ಲಿ.

ನಮ್ಮ ಮಾವ, ಅಂದರೆ ನನ್ನ ಗಂಡನ ತಂದೆ ಬೋರೇಗೌಡರು, ಕರೆಂಟಿನ ಲೈನ್‌ಮನ್ ಆಗಿದ್ದು ರಿಟೈರಾದವರು. ಹಲಗೂರಿನ ಸುತ್ತ ಅವರು ಹತ್ತದ ಕಂಬವಿಲ್ಲ, ಬೈಯದ ಮನುಷ್ಯನಿಲ್ಲ. ಕಂಬದ ಮೇಲೆ ಅಷ್ಟು ವರ್ಷ ಕಚ್ಚಿಸಿಕೊಂಡವರಿಗೆ ಜೇನಿನ ಮೇಲೆ ಸಿಟ್ಟು ಬರಬೇಕಿತ್ತು, ಬಂದಿದ್ದು ಮೋಹ. ಕೆಲಸ ಬಿಟ್ಟ ಮೇಲೆ ಮಳವಳ್ಳಿ, ಮದ್ದೂರು, ಕಿರುಗಾವಲು ಕಡೆಯ ಒಂದಷ್ಟು ಜನರನ್ನು ಸೇರಿಸಿ ಜೇನು ಬಳಗ ಅಂತ ಕಟ್ಟಿ ತಾವೇ ಅಧ್ಯಕ್ಷರಾದರು. ಚುನಾವಣೆ ನಡೆಯಿತು ಅನ್ನುತ್ತಾರೆ, ಓಟು ಹಾಕಿದವರು ಯಾರೂ ನನಗೆ ಇವತ್ತಿನವರೆಗೆ ಸಿಕ್ಕಿಲ್ಲ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡುವ ಸೊಸೆಯಾದ ನಾನು ಕಾರ್ಯದರ್ಶಿ. ನನ್ನನ್ನಂತೂ ಯಾರೂ ಏನೂ ಕೇಳಲಿಲ್ಲ.

ನಮ್ಮ ಬಳಗದ ಸಮಾಜಸೇವೆ ಎಂದರೆ ಮುಖ್ಯವಾಗಿ ಬೈಸಿಕೊಳ್ಳುವುದು. ನೀರಿನ ಟ್ಯಾಂಕಿಗೋ ಸ್ಕೂಲಿನ ಸಜ್ಜಕ್ಕೋ ಹೆಜ್ಜೇನು ಕಟ್ಟಿದರೆ ಜನ ಪಂಜು ಕಟ್ಟಿಕೊಂಡು ಸುಡಲು ಹೊರಡುತ್ತಾರೆ. ಅಷ್ಟರೊಳಗೆ ನಾವು ಓಡಿಹೋಗಿ, ಸುಡಬೇಡಿ, ಹೊಗೆ ಕೊಟ್ಟು ಎಬ್ಬಿಸುತ್ತೇವೆ ಅಂತ ಕೈಮುಗಿಯಬೇಕು. ಸುಟ್ಟರೆ ನಿಮ್ಮಪ್ಪನ ಗಂಟೇನು ಹೋಗುತ್ತೆ ಅಂತ ಅವರು ಕೇಳುತ್ತಾರೆ. ಹುಚ್ಚೆಳ್ಳು, ಕುಂಬಳ ಕಾಯಿ ಕಚ್ಚುವುದು ನಿಮ್ಮಪ್ಪನಿಂದಲಾ ಅಂತ ಮಾವ ಕೇಳುತ್ತಾರೆ. ಈ ಸಂವಾದದ ನಡುವೆ ಹುಳ ತಾವಾಗಿಯೇ ಎದ್ದು ಎರಡೂ ಪಕ್ಷದವರಿಗೆ ಸಮನಾಗಿ ಕಚ್ಚುತ್ತವೆ. ತುಡುವೆ ಜೇನು ಸಣ್ಣದು, ಸಾಧು ಕೂಡ. ಅದನ್ನು ಗೋಡೆಯ ತೂತಿನಿಂದ ಎತ್ತಿ ಪೆಟ್ಟಿಗೆಯಲ್ಲಿ ಕೂರಿಸಿ, ಸಾಕುತ್ತೇವೆ ಅನ್ನುವ ಮನೆಗೆ ಕೊಟ್ಟುಬಿಡುತ್ತೇವೆ.

ಆ ಚೌಟ್ರಿಯಲ್ಲಿ ಅಡುಗೆಯವರ ಒಲೆಯ ಹೊಗೆ ನೇರವಾಗಿ ಮೇಲಿನ ಹೆಜ್ಜೇನಿಗೆ ಹೋಗಿ ತಾಗಿತ್ತು. ಮುಹೂರ್ತದ ಹೊತ್ತಿಗೆ ಗಂಡಿನ ಕಡೆಯವರೂ ಹೆಣ್ಣಿನ ಕಡೆಯವರೂ ಯಾವ ಮನಸ್ತಾಪವೂ ಇಲ್ಲದೆ ಒಂದೇ ಸ್ಟೋರ್ ರೂಮಿನಲ್ಲಿ ಬಾಗಿಲು ಹಾಕಿಕೊಂಡಿದ್ದರು. ನಾವು ಏಣಿ ತಂದಾಗ ಅಂಗಳದಲ್ಲಿ ಉಳಿದಿದ್ದು ಒಬ್ಬರೇ. ರೇಷ್ಮೆ ಸೀರೆಯನ್ನು ಹೇಗೋ ಸುತ್ತಿಕೊಂಡ ಇಂಗ್ಲಿಷ್ ಹೆಂಗಸು, ಕುರ್ಚಿಯ ಮೇಲೆ ಕೂತು ಹೆಜ್ಜೇನನ್ನೇ ನೋಡುತ್ತಿದ್ದರು. ಹೆಸರು ಹೆಲೆನ್. ಮದುಮಗಳ ಜೊತೆ ಓದಿದ ಹುಡುಗಿಯ ತಾಯಿ, ತಮ್ಮೂರಿನ ಜೇನು ಕ್ಲಬ್ಬಿಗೆ ಅಧ್ಯಕ್ಷೆ.

ಮಾವ ಏಣಿಯ ಮೇಲಿಂದ ಕೂಗಿದರು: "ಏ ತಾಯಿ, ಎದ್ದು ಒಳಕ್ಕೋಗು! ಮೂತಿ ಊದ್ಕಂಡ್ರೆ ನಿಮ್ಮೂರಿಗೆ ಯಾರು ಉತ್ರ ಕೊಡೋರು?"

ತಾವು ಒಳಗಿದ್ದರೆ ಕ್ಷೇಮ ಎಂದು ನಮ್ಮ ಅಧ್ಯಕ್ಷರು ವಿನಂತಿಸಿಕೊಳ್ಳುತ್ತಿದ್ದಾರೆ ಎಂದು ನಾನು ಇಂಗ್ಲಿಷಿನಲ್ಲಿ ಹೇಳಿದೆ.

"ಎಂಥ ಸೌಜನ್ಯದ ಮನುಷ್ಯ!" ಎಂದರು ಹೆಲೆನ್.

ನಮ್ಮಿಬ್ಬರನ್ನು ಅವರ ಕ್ಲಬ್ಬಿಗೆ ಅತಿಥಿಗಳಾಗಿ ಕರೆದಿದ್ದು ಈ ಸೌಜನ್ಯದ ದೆಸೆಯಿಂದ.

ವಿಮಾನ ನಿಲ್ದಾಣ

ಮಾವ ತಮ್ಮ ಬ್ಯಾಗಿನಲ್ಲಿ ಒಣಗಿದ ತೆಂಗಿನ ಸಿಪ್ಪೆ ತುಂಬಿಕೊಂಡಿದ್ದರು. ಹೊಗೆ ಹಾಕಲು ಅದರಷ್ಟು ಒಳ್ಳೆಯ ವಸ್ತು ಇಂಗ್ಲೆಂಡಿನಲ್ಲಿ ಸಿಗುವುದಿಲ್ಲ ಎಂಬುದು ಅವರ ವಾದ. ಸಿಗುವುದಿಲ್ಲ ಎಂಬುದೇನೋ ನಿಜ. ತಪಾಸಣೆಯ ಹುಡುಗಿ ಸಿಪ್ಪೆಯನ್ನು ಒಂದೊಂದಾಗಿ ಹೊರಗಿಟ್ಟು, ಇದರೊಳಗೆ ಏನಿದೆ ಸರ್ ಅಂದಳು.

"ಒಳಗೇನವ್ವ ಇದ್ದದು? ಒಳಗಿದ್ದ ಕಾಯ ನಾವು ತಿಂದಾಯ್ತು."

ಸಿಪ್ಪೆ ಅಲ್ಲೇ ಉಳಿಯಿತು. ಆ ಸಿಟ್ಟನ್ನು ಮಾವ ಆಕಾಶದಲ್ಲಿಯೂ ಬಿಡಲಿಲ್ಲ. ಊಟ ತಂದ ಗಗನಸಖಿಗೆ, ಈ ಅನ್ನ ಬೆಂದಿಲ್ಲ ಅಂತ ಹೇಳು ಎಂದರು. ಊಟ ಬಹಳ ಚೆನ್ನಾಗಿದೆಯಂತೆ ಎಂದು ನಾನು ಹೇಳಿದೆ. ಆಕೆ ಸಂತೋಷದಿಂದ ಇನ್ನೊಂದು ತಟ್ಟೆ ತಂದುಕೊಟ್ಟಳು. ಮಾವ ನನ್ನನ್ನು ಅನುಮಾನದಿಂದ ನೋಡಿದರು.

ಲೆನರ್ಡ್ ಅವರ ಮನೆ

ಊರು ಚಿಕ್ಕದು, ಮದ್ದೂರಿನ ಕಾಲು ಭಾಗವೂ ಇಲ್ಲ. ಅದರ ಹೆಸರು ಇವತ್ತಿಗೂ ನನ್ನ ನಾಲಗೆಯ ಮೇಲೆ ಸರಿಯಾಗಿ ಕೂರುವುದಿಲ್ಲ, ಆದ್ದರಿಂದ ಬಿಟ್ಟುಬಿಡುತ್ತೇನೆ. ಬೀದಿಯಲ್ಲಿ ಜನರೇ ಇರಲಿಲ್ಲ. ಯಾರೋ ಸತ್ತಿರಬೇಕು, ಎಲ್ಲ ಮಣ್ಣಿಗೆ ಹೋಗಿದ್ದಾರೆ ಅಂತ ಮಾವ ತೀರ್ಮಾನಿಸಿದರು. ಅದು ಅಲ್ಲಿನ ಮಾಮೂಲು ಮಂಗಳವಾರ ಎಂದು ಆಮೇಲೆ ತಿಳಿಯಿತು.

ನಾವು ಉಳಿದಿದ್ದು ಲೆನರ್ಡ್ ಎಂಬ ಅಜ್ಜನ ಮನೆಯಲ್ಲಿ. ವಯಸ್ಸು ಎಂಬತ್ತು ದಾಟಿದೆ, ನೆಟ್ಟಗೆ ನಡೆಯುತ್ತಾರೆ, ಮನೆಯಲ್ಲಿ ಒಬ್ಬರೇ. ಕ್ಲಬ್ಬಿನ ಅತ್ಯಂತ ಹಳೆಯ ಸದಸ್ಯ. ಜೇನಿನ ಮಾತೆತ್ತಿದರೆ ನಿಲ್ಲಿಸುವವರಲ್ಲ, ಮಾವನಂತೆಯೇ. ಮಾವ ಕನ್ನಡದಲ್ಲಿ, ಅವರು ಇಂಗ್ಲಿಷಿನಲ್ಲಿ, ಇಬ್ಬರೂ ಒಟ್ಟಿಗೆ ಮಾತಾಡುತ್ತಿದ್ದರು. ನಾನು ಅನುವಾದ ಮಾಡಲು ಬಾಯಿ ತೆರೆದರೆ ಇಬ್ಬರಿಗೂ ಕಿರಿಕಿರಿ.

ಮೊದಲ ದಿನವೇ ಲೆನರ್ಡ್ ಚಹಾ ಬಗ್ಗಿಸಿದಾಗ ಅರ್ಧ ಬಟ್ಟಲಿಗೆ, ಅರ್ಧ ಮೇಜಿಗೆ ಬಿತ್ತು. ಅವರು ಗಮನಿಸಲಿಲ್ಲ. ನಾನು ಬಟ್ಟೆಯಿಂದ ಒರೆಸಿದ್ದನ್ನೂ ಗಮನಿಸಲಿಲ್ಲ. ಎದುರಿಗೆ ಕೂತವರ ಮುಖ ನೋಡಬೇಕಾದರೆ ಅವರು ಕತ್ತನ್ನು ಓರೆ ಮಾಡಿ ಬೇರೆಲ್ಲೋ ನೋಡುತ್ತಿದ್ದರು. ಕಣ್ಣಿನ ನಡುಭಾಗ ಹೋಗಿದೆ, ಅಂಚಿನಲ್ಲಿ ಮಾತ್ರ ಒಂದಿಷ್ಟು ಕಾಣುತ್ತದೆ ಎಂದು ಹೆಲೆನ್ ಆಮೇಲೆ ಪಿಸುಗುಟ್ಟಿದರು. ಪಿಸುಗುಟ್ಟಿದ್ದು ನಡುಬೀದಿಯಲ್ಲಿ, ಯಾರೂ ಇಲ್ಲದಿರುವಾಗ.

"ಅದು ಅವರಿಗೆ ಗೊತ್ತಿದೆಯಾ?" ಎಂದೆ.

"ಆ ವಿಷಯ ನಾವು ಎತ್ತುವುದಿಲ್ಲ" ಎಂದರು ಹೆಲೆನ್.

ಲೆನರ್ಡ್‌ಗೆ ಉಳಿದಿದ್ದು ಒಂದೇ ಜೇನು ಪೆಟ್ಟಿಗೆ. ಅದನ್ನು ಕ್ಲಬ್ಬಿನ ತೋಟದಲ್ಲಿ ಇಟ್ಟಿದ್ದರು. ನಮ್ಮ ಮಾವನಿಗೆ ಅದನ್ನು ತೋರಿಸುವ ಉತ್ಸಾಹದಲ್ಲಿ ಅಜ್ಜ ಹಿಂದಿನ ದಿನವೇ ಶೂ ಪಾಲಿಶ್ ಮಾಡಿ ಬಾಗಿಲ ಬಳಿ ಇಟ್ಟುಕೊಂಡಿದ್ದರು.

ಕ್ಲಬ್ಬಿನ ತೋಟ

ಕ್ಲಬ್ಬಿನ ತೋಟದ ಬೇಲಿಗೆ ತಾಗಿಕೊಂಡೇ ಸ್ಕೂಲಿನ ಮಕ್ಕಳ ತೋಟ ಇದೆ. ವಾರಕ್ಕೊಮ್ಮೆ ಮಕ್ಕಳು ಬಂದು ಕೋಸು, ಅವರೆ ನೆಡುತ್ತವೆ, ಜೇನಿನ ಚಿತ್ರ ಬರೆಯುತ್ತವೆ, ಕ್ಲಬ್ಬಿನವರು ಪಾಠ ಹೇಳುತ್ತಾರೆ. ಅವರ ಸಮಾಜಸೇವೆಯಲ್ಲಿ ಇದೇ ಮುಖ್ಯ. ನಮ್ಮ ಸ್ಕೂಲಿನಲ್ಲಿ ಜೇನಿನ ಪಾಠ ನಡೆಯುವುದು ಹೆಜ್ಜೇನು ಎದ್ದ ದಿನ ಮಾತ್ರ, ಅದೂ ಬೆಂಚಿನ ಕೆಳಗೆ.

ಎಲ್ಲರೂ ಬಿಳಿ ಬಟ್ಟೆ, ಮುಖಪರದೆ, ಕೈಗವಸು ಹಾಕಿಕೊಂಡು ಬಂದರು. ಮಾವನಿಗೂ ಒಂದು ಜೊತೆ ಕೊಟ್ಟರು. "ಜೇನು ನಂಗೆ ಕಚ್ಚಾಕಿಲ್ಲ ಕಣವ್ವ, ಗುರ್ತು ಹಿಡೀತವೆ" ಎಂದು ವಾಪಸ್ಸು ಮಾಡಿದರು. ಗುರುತು ಹಿಡಿಯಬೇಕಾದರೆ ಅವು ಹಲಗೂರಿನ ಹುಳವಾಗಿರಬೇಕಿತ್ತು.

ಲೆನರ್ಡ್ ಪೆಟ್ಟಿಗೆ ತೆರೆದರು. ಜೇನಿನ ಎರಿ ಕಟ್ಟಿದ ಚೌಕಟ್ಟು ಎತ್ತಿ, ಕತ್ತು ಓರೆ ಮಾಡಿ, ರಾಣಿ ಎಲ್ಲಿದೆ ಎಂದು ವಿವರಿಸಿದರು. ಅವರು ಬೆರಳಿಟ್ಟ ಜಾಗದಲ್ಲಿ ರಾಣಿ ಇರಲಿಲ್ಲ, ಆದರೂ ಕ್ಲಬ್ಬಿನವರೆಲ್ಲ ಆಹಾ ಅಂದರು. ಚೌಕಟ್ಟನ್ನು ವಾಪಸ್ಸು ಇಳಿಸುವಾಗ ಅಂಚಿನಲ್ಲಿದ್ದ ಹುಳಗಳೆಲ್ಲ ಅದರ ಕೆಳಗೆ ಸಿಕ್ಕಿ ಅಪ್ಪಚ್ಚಿಯಾದವು. ಜೇನು ಸಾಕಿದವರಿಗೆ ಗೊತ್ತು, ಒಂದು ಹುಳ ಜಜ್ಜಿದರೆ ಅದರ ವಾಸನೆಗೆ ಉಳಿದವು ರೇಗುತ್ತವೆ. ಪೆಟ್ಟಿಗೆಯ ದನಿ ಬದಲಾಯಿತು. ಮುಖಪರದೆ ಇಲ್ಲದ ಮುಖ ಅಲ್ಲಿದ್ದಿದ್ದು ಒಂದೇ.

ಮಾವ ಕಣ್ಣು ಮುಚ್ಚಿಕೊಂಡು ಕೂತಾಗ ಕ್ಲಬ್ಬಿನವರು ಸಾಲಾಗಿ ಬಂದು ಸಾರಿ ಅಂದರು. ಬೇಲಿಯಾಚೆ ಹೋಗುತ್ತಿದ್ದ ನಾಯಿಯ ಯಜಮಾನನೂ ನಿಂತು ಸಾರಿ ಅಂದ.

"ಇವ್ರ್ಯಾಕವ್ವ ಸಾರಿ ಅಂತವ್ರೆ? ಕಚ್ಚಿದ್ದು ಹುಳ ಅಲ್ವಾ?"

ಕೋಸಿನ ಪಾತಿಯ ಫೋಟೋ ತೆಗೆದದ್ದು ಆಗಲೇ. ಅದಾದ ಮೇಲೆ ಹೆಲೆನ್ ನಮ್ಮಿಬ್ಬರನ್ನೂ ಗೊಬ್ಬರದ ಗುಂಡಿಯ ಹಿಂದಕ್ಕೆ ಕರೆದುಕೊಂಡು ಹೋದರು. ಲೆನರ್ಡ್ ಪೆಟ್ಟಿಗೆಯ ಹುಳ ಇತ್ತೀಚೆಗೆ ಮಕ್ಕಳಿಗೂ ಕಚ್ಚಿವೆ. ಇನ್ನೊಂದು ಸಲ ಹಾಗಾದರೆ ಮಕ್ಕಳನ್ನು ಕಳಿಸುವುದಿಲ್ಲ ಎಂದು ಸ್ಕೂಲಿನವರು ಹೇಳಿದ್ದಾರೆ. ಅಜ್ಜನ ಕೈಯಿಂದ ಪೆಟ್ಟಿಗೆ ತೆಗೆದುಕೊಳ್ಳುವುದೆಂದು ಸಮಿತಿ ತೀರ್ಮಾನಿಸಿದೆ. ತೀರ್ಮಾನಿಸಿ ಒಂದು ವರ್ಷ ಆಗಿದೆ.

"ಹೇಳುವುದು ಹೇಗೆ ಅಂತ ಗೊತ್ತಾಗುತ್ತಿಲ್ಲ. ಆ ಪೆಟ್ಟಿಗೆಗಾಗಿಯೇ ಅವರು ಬೆಳಗ್ಗೆ ಏಳುವುದು" ಎಂದರು ಹೆಲೆನ್. ಆಮೇಲೆ ನನ್ನ ಕೈ ಹಿಡಿದುಕೊಂಡು, "ನಿಮ್ಮ ಮಾವನವರು ಹೇಳಿದರೆ ಹೇಗೆ? ಅವರ ಸೌಜನ್ಯ ನಾನು ಕಂಡಿದ್ದೇನೆ" ಎಂದರು.

ಮಂಡ್ಯದಲ್ಲಿ ನಾನು ಬಿತ್ತಿದ್ದು ಇಂಗ್ಲೆಂಡಿನಲ್ಲಿ ಕಾಯಿ ಬಿಟ್ಟಿತ್ತು.

ಹಿತ್ತಲಿನ ಹಣ್ಣಿನ ಮರ

ಮರುದಿನ ಅವರ ಇನ್ನೊಂದು ಸೇವೆ ನೋಡಲು ಹೋದೆವು. ಯಾರದೋ ಹಿತ್ತಲಿನ ಹಣ್ಣಿನ ಮರದಲ್ಲಿ ಹಾರಿಬಂದ ಜೇನು ಕೂತಿತ್ತು. ಹೆಲೆನ್ ಮತ್ತಿಬ್ಬರು ಹಳದಿ ಕೋಟು ತೊಟ್ಟು ಹೋದರು. ಬೀದಿಯ ಎರಡು ತುದಿಗೂ ಬೋರ್ಡು ನಿಲ್ಲಿಸಿದರು, ದಯವಿಟ್ಟು ನಿಧಾನವಾಗಿ ನಡೆಯಿರಿ ಎಂದು. ಆ ಬೀದಿಯಲ್ಲಿ ನಡೆಯುವವರೇ ಇರಲಿಲ್ಲ. ಏಣಿ ಇಟ್ಟು, ಒಬ್ಬರು ಏಣಿ ಹಿಡಿದು, ಇನ್ನೊಬ್ಬರು ಏಣಿ ಹಿಡಿದವರನ್ನು ನೋಡಿಕೊಂಡು, ಹುಳವನ್ನು ಬುಟ್ಟಿಗೆ ಇಳಿಸಿಕೊಂಡರು. ಮನೆಯೊಡತಿ ಚಹಾ, ಕೇಕು ತಂದು ಕೊಟ್ಟು ಮೂರು ಮೂರು ಸಲ ಥ್ಯಾಂಕ್ಸ್ ಹೇಳಿದಳು. ತನ್ನ ತೋಟದಲ್ಲಿ ಹುಳ ಕೂತಿದ್ದಕ್ಕೆ ಸಾರಿಯನ್ನೂ ಹೇಳಿದಳು.

ಮಾವ ಒಂದೇ ಕಣ್ಣಿನಲ್ಲಿ ಇದನ್ನೆಲ್ಲ ನೋಡಿದರು.

"ಯಾರೂ ಬೈಲೇ ಇಲ್ವಲ್ಲವ್ವ" ಎಂದರು ವಾಪಸ್ಸು ಬರುವಾಗ. "ಕೆಲ್ಸ ಆಯ್ತು ಅಂತ ಎಂಗೆ ಗೊತ್ತಾಗೋದು?"

ನಾವು ಇಂಗ್ಲೆಂಡಿಗೆ ಹೊರಡುವ ಮುಂಚೆಯಷ್ಟೇ ಮದ್ದೂರಿನ ಹತ್ತಿರ ಒಂದು ಟ್ಯಾಂಕಿನಿಂದ ಹೆಜ್ಜೇನು ಎಬ್ಬಿಸಿದಾಗ ಅಲ್ಲಿನ ಜನ, ಈ ಹುಳವನ್ನು ನೀವೇ ತಂದು ಬಿಟ್ಟಿದ್ದೀರಿ ಅಂತ ಮಾವನ ಏಣಿಯನ್ನೇ ಕಸಿದುಕೊಂಡಿದ್ದರು. ಮಾವ ಟ್ಯಾಂಕಿನ ಮೇಲೆ, ಏಣಿ ಅವರ ಕೈಯಲ್ಲಿ. ಅರ್ಧ ದಿನ ಎರಡೂ ಕಡೆಯಿಂದ ಬೈಗುಳ ನಡೆದು, ಆಮೇಲೆ ಅವರೇ ಏಣಿ ಇಟ್ಟು ಇಳಿಸಿಕೊಂಡು, ಬಾಡೂಟ ಹಾಕಿಸಿ ಕಳಿಸಿದ್ದರು. ಇಂಗ್ಲೆಂಡಿನಲ್ಲಿ ಬರೀ ಕೇಕು. ಬೈಗುಳವೂ ಇಲ್ಲ, ಬಾಡೂ ಇಲ್ಲ.

ಲೆನರ್ಡ್ ಅವರ ಊಟದ ಮೇಜು

ದಿನಕ್ಕೆ ಮೂರು ಹೊತ್ತು ನಾವು ಅಜ್ಜನ ಮನೆಯಲ್ಲಿ ತಿನ್ನುತ್ತಿದ್ದೆವು. ರೊಟ್ಟಿ ಸುಟ್ಟು ಬೆಣ್ಣೆ ಹಚ್ಚಿ ಮುಂದಿಡುತ್ತಿದ್ದರು. ಬೆಣ್ಣೆ ಕೆಲವು ಸಲ ತಟ್ಟೆಗೆ ಹತ್ತಿರುತ್ತಿತ್ತು. ಮಾವನ ಕಣ್ಣಿಗೆ ದಿನಾ ತಣ್ಣನೆ ಬಟ್ಟೆ ತಂದುಕೊಡುತ್ತಿದ್ದರು. ನನ್ನ ಹುಳಗಳು ಮೊದಲು ಹೀಗಿರಲಿಲ್ಲ, ಇತ್ತೀಚೆಗೆ ಯಾಕೋ ಸಿಟ್ಟು ಜಾಸ್ತಿಯಾಗಿದೆ, ರಾಣಿಯನ್ನು ಬದಲಾಯಿಸಬೇಕೇನೋ ಅನ್ನುತ್ತಿದ್ದರು. ಪ್ರತಿಸಲ ಆ ಮಾತು ಬಂದಾಗಲೂ ನಾನು ಮಾವನ ಮುಖ ನೋಡುತ್ತಿದ್ದೆ. ಮಾವ ರೊಟ್ಟಿ ನೋಡುತ್ತಿದ್ದರು.

ತಹಸೀಲ್ದಾರರಿಗೂ ಮುಖಕ್ಕೆ ಹೊಡೆದ ಹಾಗೆ ಹೇಳಿದವರು, ಬೀಗರ ಮನೆಯ ಸಾರು ನೀರಾಗಿದೆ ಅಂತ ಬೀಗರ ಓಣಿಯಲ್ಲಿ ನಿಂತು ಹೇಳಿದವರು, ಇಲ್ಲಿ ಸುಮ್ಮನಿದ್ದರು. ಒಂದು ಸಂಜೆ ತಡೆಯಲಾರದೆ ಕೇಳಿದೆ.

"ಯಾಕೆ ಮಾವ, ಹೇಳ್ತಿಲ್ಲ?"

"ಅವ್ರ ಮನೇಲಿ ಉಣ್ತಾ ಇದೀವಲ್ಲವ್ವ. ಬಡಿಸಿದ ತಟ್ಟೆ ಮುಂದೆ ಕೂತ್ಕಂಡು, ನಿಂಗೆ ಕಣ್ ಕಾಣಕಿಲ್ಲ ಅನ್ನಾಕಾಯ್ತದಾ? ಬೀಗ್ರ ಮನೆ ಬ್ಯಾರೆ. ಅವ್ರೂ ನಂಗೆ ಅಂದವ್ರೆ, ನಾನೂ ಅಂದೀವ್ನಿ."

"ಹಾಗಾದ್ರೆ ಹೆಲೆನ್‌ಗೆ ಆಗಲ್ಲ ಅಂದುಬಿಡೋಣ."

"ಮಕ್ಕಳವ್ವ ಅವು" ಎಂದರು ಮಾವ. "ನಾಳೀಕೆ ಕಣ್ಣಿಗೇ ಒಡೆದ್ರೆ?"

ಆ ರಾತ್ರಿ ನನಗೆ ನಿಜವಾಗಿ ಬೇಸರವಾಯಿತು. ಇಡೀ ಕ್ಲಬ್ಬು ಸೇರಿ ಒಬ್ಬ ಅಜ್ಜನ ಎದೆಗೆ ಚುಚ್ಚಲು ಹೊರಗಿನವರನ್ನು ಕರೆಸಿಕೊಂಡಿದೆ, ನಾವು ಬೆಣ್ಣೆ ರೊಟ್ಟಿ ತಿಂದುಕೊಂಡು ಒಪ್ಪಿದ್ದೇವೆ ಅನ್ನಿಸಿತು.

ಮತ್ತೆ ಕ್ಲಬ್ಬಿನ ತೋಟ

ನಾವು ಹೊರಡುವ ಮುನ್ನ ಬೀಳ್ಕೊಡುಗೆ ಸಭೆ. ಮತ್ತೆ ಚಹಾ, ಮತ್ತೆ ಕೇಕು. ಬೇಲಿಯಾಚೆ ಮಕ್ಕಳ ಗದ್ದಲ. ಹೆಲೆನ್ ಸ್ವಾಗತ ಭಾಷಣ ಮಾಡಿ, "ನಮ್ಮ ಅತಿಥಿಗಳು ಲೆನರ್ಡ್ ಅವರ ಪೆಟ್ಟಿಗೆಯ ಬಗ್ಗೆ ಎರಡು ಮಾತು ಆಡಲು ಇಷ್ಟಪಡಬಹುದು" ಎಂದು ಕೂತುಬಿಟ್ಟರು. ಎಲ್ಲರೂ ಚಹಾದ ಬಟ್ಟಲಿನೊಳಗೆ ನೋಡತೊಡಗಿದರು. ಲೆನರ್ಡ್ ಮಾತ್ರ ಹೊಗಳಿಕೆ ಕೇಳಿಸಿಕೊಳ್ಳುವವರ ಹಾಗೆ ನೆಟ್ಟಗೆ ಕೂತರು.

ಮಾವ ಎದ್ದು ನಿಂತರು. ಆಮೇಲೆ, ಸಭೆಯ ಕಡೆ ನೋಡದೆ ಅಜ್ಜನ ಕಡೆ ತಿರುಗಿ ಅವರು ಆಡಿದ ಮಾತು ಕೇಳಿ ನನಗೇ ತಲೆ ಸುತ್ತಿತು.

"ಅಜ್ಜ, ನಿಮ್ ಜೇನು ನಂಗೆ ಪಾಲಿಗೆ ಕೊಡಿ."

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ನಾನು ಚಹಾ ಆರುವಷ್ಟು ಹೊತ್ತು ಬಿಡಿಸಿ ಹೇಳಿದೆ. ಹಸು ಇದೆ, ಸಾಕಲು ಆಗದು, ಮಾರಲು ಮನಸ್ಸಿಲ್ಲ, ಅಂಥವರು ಅದನ್ನು ಇನ್ನೊಬ್ಬರ ಕೊಟ್ಟಿಗೆಯಲ್ಲಿ ಕಟ್ಟುತ್ತಾರೆ. ಹಸು ಕೊಟ್ಟವರದೇ. ಮೇವು, ಚಾಕರಿ ಕಟ್ಟಿಕೊಂಡವರದು. ಹುಟ್ಟಿದ್ದರಲ್ಲಿ ಇಬ್ಬರಿಗೂ ಪಾಲು. ನಮ್ಮ ಅಧ್ಯಕ್ಷರು ಹಾಗೆ ನಿಮ್ಮ ಜೇನನ್ನು ಕೇಳುತ್ತಿದ್ದಾರೆ.

ನಾಳೆ ವಿಮಾನ ಹತ್ತಿ ಹಲಗೂರಿಗೆ ಹೋಗುವ ಮನುಷ್ಯ ಇಂಗ್ಲೆಂಡಿನ ಜೇನನ್ನು ಪಾಲಿಗೆ ಕೇಳುವುದು ನಮ್ಮವರಿಗೆ ಮಾತ್ರ ಹೊಳೆಯುವ ಯೋಚನೆ. ಹೆಲೆನ್ ಬಾಯಿ ಅರ್ಧ ತೆರೆದಿತ್ತು.

"ನೀವು ಅಲ್ಲಿರುತ್ತೀರಿ. ಇಲ್ಲಿ ಚಾಕರಿ ಯಾರು ಮಾಡುತ್ತಾರೆ?" ಎಂದರು ಲೆನರ್ಡ್. ಪ್ರಶ್ನೆ ನ್ಯಾಯವಾಗಿತ್ತು.

ಮಾವ ಹೆಲೆನ್ ಕಡೆ ಬೆರಳು ತೋರಿಸಿದರು. "ಈವಮ್ಮ ನನ್ ಕಡೆ ಆಳು."

ಹೆಲೆನ್ ಅವರು ತಮ್ಮ ಪರವಾಗಿ ನೋಡಿಕೊಳ್ಳಲು ಒಪ್ಪಿದರೆ ಅದು ತಮ್ಮ ಭಾಗ್ಯವಂತೆ ಎಂದೆ ನಾನು. ಅಷ್ಟು ಜನರ ಮುಂದೆ, ಅತಿಥಿಗೆ, ಆಗುವುದಿಲ್ಲ ಎನ್ನುವ ಶಕ್ತಿ ಆ ಊರಿನಲ್ಲಿ ಯಾರಿಗೂ ಇರಲಿಲ್ಲ. ಸಂತೋಷ ಎಂದರು ಹೆಲೆನ್. ಮುಖದಲ್ಲಿ ಸಂತೋಷ ಹುಡುಕಿದರೂ ಸಿಗುವಂತಿರಲಿಲ್ಲ.

"ಆದರೆ ಯಾಕೆ?" ಎಂದರು ಲೆನರ್ಡ್. "ನನ್ನ ಹುಳವನ್ನು ನಾನೇ ನೋಡಿಕೊಳ್ಳುತ್ತಿದ್ದೇನಲ್ಲ?"

ಅನುವಾದ ಮಾಡಿದೆ. ಈಗ ಮಾವನ ದನಿ ಬದಲಾಯಿತು. ಅದು ಊರಿನ ದನಿ, ಸಂತೆಯಲ್ಲಿ ಹಸುವಿನ ಹಲ್ಲು ಹಿಡಿದು ನೋಡುವವರ ದನಿ. ಅತಿಥಿಯಾಗಿ ಆಡಲಾಗದ್ದನ್ನು ಪಾಲಿಗೆ ಹಿಡಿಯುವವನು ಆಡಬಹುದು. ಮಾಲಿನ ದೋಷ ಎತ್ತಿ ಆಡದೆ ನಮ್ಮಲ್ಲಿ ಪಾಲು ಕುದುರುವುದೇ ಇಲ್ಲ, ಅದರಲ್ಲಿ ಯಾರಿಗೂ ಅವಮಾನವಿಲ್ಲ.

"ನಿಮ್ಗೆ ಕಣ್ ಕಾಣಕಿಲ್ಲ ಅಜ್ಜ. ಎರಿ ಇಳಿಸೋವಾಗ ಹುಳ ಅಮುಕ್ತೀರಿ. ಅದ್ಕೇ ಅವಕ್ಕೆ ಸಿಟ್ಟು. ರಾಣಿದೇನೂ ತಪ್ಪಿಲ್ಲ. ಬೇಲಿ ಪಕ್ಕ ಮಕ್ಳವೆ. ಇಂಗೇ ಬುಟ್ರೆ ಹುಳಾನೂ ಹಾಳು, ಮಕ್ಳಿಗೂ ಕೇಡು."

ನಾನು ತಡವರಿಸಿದೆ. ಬೆಳಕಿನ ಕೊರತೆ, ವಯೋಸಹಜ, ಇಂಥ ಪದಗಳನ್ನು ಜೋಡಿಸಿಕೊಳ್ಳುತ್ತಿದ್ದೆ. ಲೆನರ್ಡ್ ಕೈ ಚಾಚಿ ನನ್ನ ಮಣಿಕಟ್ಟು ಹುಡುಕಿ ಹಿಡಿದುಕೊಂಡರು.

"ಮೆತ್ತಗೆ ಮಾಡಬೇಡ ಮಗು. ಆ ದನಿಯಲ್ಲಿ ಯಾರೂ ಮೆತ್ತಗಿನ ಮಾತು ಆಡುವುದಿಲ್ಲ. ಅವರು ಹೇಳಿದ್ದಷ್ಟನ್ನೇ ಹೇಳು."

ಹೇಳಿದೆ. ಇದ್ದದ್ದು ಇದ್ದಂತೆ, ಒಂದು ಸಾರಿಯನ್ನೂ ಸೇರಿಸದೆ.

ಬೇಲಿಯಾಚೆ ಮಗುವೊಂದು ಯಾರನ್ನೋ ಕರೆಯುತ್ತಿತ್ತು. ಲೆನರ್ಡ್ ನನ್ನ ಕೈ ಬಿಟ್ಟು, ಬಟ್ಟಲಿಗಾಗಿ ತಡಕಾಡಿ, ಸಿಕ್ಕಿದ ಮೇಲೆ ಒಂದು ಗುಟುಕು ಕುಡಿದರು.

"ಮೂರರಲ್ಲಿ ಎರಡು ಪಾಲು ನನಗೆ" ಎಂದರು.

"ಅದೆಂಗಾಯ್ತದೆ! ಅರ್ಧ ಅರ್ಧ."

"ಹುಳ ನನ್ನವು, ಪೆಟ್ಟಿಗೆ ನನ್ನದು."

"ಹಂಗಂತ ಚಾಕ್ರಿ ಮಾಡೋನು ಉಪಾಸ ಬೀಳ್ಬೇಕಾ?"

"ಚಾಕರಿ ಮಾಡುವವಳು ಹೆಲೆನ್" ಎಂದರು ಲೆನರ್ಡ್. "ಅವಳು ಪೆಟ್ಟಿಗೆ ತೆರೆಯುವುದು ಮೇಜಿನ ಖಾನೆ ಎಳೆದ ಹಾಗೆ. ಮೊದಲಿಂದಲೂ ಹಾಗೇ. ಹೇಳಲು ಹೋಗಿರಲಿಲ್ಲ."

ಕ್ಲಬ್ಬಿನ ಖಜಾಂಚಿ ಕೆಮ್ಮಿದರು. ಲೆನರ್ಡ್ ಆ ಕಡೆ ತಿರುಗಿ, ನಿನ್ನ ಜೇನುತುಪ್ಪದಲ್ಲಿ ನೀರಿನಂಶ ಜಾಸ್ತಿ, ಬಹುಮಾನ ಕೊಟ್ಟಿದ್ದು ನಿನ್ನ ಹೆಂಡತಿಯ ಮುಖ ನೋಡಿ ಎಂದರು. ಖಜಾಂಚಿ ಎದ್ದು, ಅದು ನನಗೂ ಗೊತ್ತಿತ್ತು ಎಂದರು. ಹೆಲೆನ್ ಕೆಂಪಗಾಗಿ, ನಾನು ನಿಧಾನವಾಗಿಯೇ ತೆರೆಯುತ್ತೇನೆ ಎಂದು ದನಿ ಎತ್ತಿದರು. ಸ್ವಲ್ಪ ಹೊತ್ತಿನಲ್ಲಿ ಕ್ಲಬ್ಬಿನ ತೋಟ ಮಳವಳ್ಳಿ ಬಸ್‌ಸ್ಟ್ಯಾಂಡಿನ ಮಟ್ಟಕ್ಕೆ ಬಂತು. ಅನುವಾದ ಬಿಟ್ಟು ನಾನು ಕೇಕು ತಿಂದೆ. ಪಾಲು ಅರ್ಧಕ್ಕೆ ಕುದುರಿತು. ಪೆಟ್ಟಿಗೆಯ ಪಕ್ಕದಲ್ಲಿ ಅಜ್ಜನಿಗೆ ಒಂದು ಬೆಂಚು ಹಾಕಿಸುವುದು, ಅವರು ಅಲ್ಲಿ ಕೂತು ಚಾಕರಿಯ ತಪ್ಪು ಎತ್ತಿ ಆಡಬಹುದು, ಹುಳ ಮುಟ್ಟುವಂತಿಲ್ಲ ಎಂದೂ ಆಯಿತು. ಲೆನರ್ಡ್ ಎದ್ದು ಮಾವನ ಕೈ ಕುಲುಕಿದರು. ಮಾವ ಸುಮ್ಮನಿರದೆ ಅವರ ಬೆನ್ನ ಮೇಲೆ ಒಂದು ಕೊಟ್ಟರು.

ಕಿರುಗಾವಲು

ಊರಿಗೆ ಬಂದ ಮೇಲೆ ಮಾವ, ಇಂಗ್ಲೆಂಡಲ್ಲಿ ನಂದೊಂದು ಪಾಲು ಅದೆ ಎಂದು ಸಂತೆಯಲ್ಲಿ ಹೇಳಿಕೊಂಡು ತಿರುಗಿದರು. ಜೇನು ಎಂದು ಮಾತ್ರ ಹೇಳದೆ, ಜಮೀನು ಅಂದುಕೊಳ್ಳುವವರು ಅಂದುಕೊಳ್ಳಲಿ ಎಂದು ಬಿಡುತ್ತಿದ್ದರು. ಅಲ್ಲಿ ಮಕ್ಕಳಿಗೆ ಮತ್ತೆ ಹುಳ ಕಚ್ಚಲಿಲ್ಲ. ಹೆಲೆನ್ ಆಗಾಗ ಫೋಟೋ ಕಳಿಸುತ್ತಿದ್ದರು. ಅಜ್ಜ ಬೆಂಚಿನ ಮೇಲೆ ಕೈ ಎತ್ತಿ ಏನೋ ಗದರುತ್ತಿರುವುದು, ಹೆಲೆನ್ ಚೌಕಟ್ಟು ಹಿಡಿದು ಸಹಿಸಿಕೊಂಡಿರುವುದು.

ಬೇಸಿಗೆ ಶುರುವಾಗುವ ಹೊತ್ತಿಗೆ ನಾವು ಕಿರುಗಾವಲಿನ ಸ್ಕೂಲೊಂದರಲ್ಲಿ ಹೆಜ್ಜೇನಿಗಾಗಿ ಏಣಿ ಇಡುತ್ತಿದ್ದಾಗ ಅವರ ಫೋನು ಬಂತು. ಅಲ್ಲಿ ಇನ್ನೂ ಚಳಿಗಾಲ. ಹೆಲೆನ್ ಅಳುತ್ತಿದ್ದರು. ಚಳಿ, ತೇವಕ್ಕೆ ಪೆಟ್ಟಿಗೆಯ ಹುಳವೆಲ್ಲ ಸತ್ತುಹೋಗಿವೆ. ಆಗಿ ಸುಮಾರು ದಿನ ಆಯಿತು. ಲೆನರ್ಡ್ ದಿನಾ ಕೋಟು ತೊಟ್ಟು ಬಂದು ಬೆಂಚಿನ ಮೇಲೆ ಕೂರುತ್ತಾರೆ. ಹೆಲೆನ್ ಚಹಾ ತಂದುಕೊಟ್ಟು, ಹುಳ ಚೆನ್ನಾಗಿವೆ, ಬಿಸಿಲಿಗೆ ಕಾಯುತ್ತಿವೆ ಅನ್ನುತ್ತಾರೆ.

"ನನ್ನ ಕೈಯಲ್ಲಿ ಸತ್ತವು. ನನಗೆ ಹೇಳಲು ಆಗುತ್ತಿಲ್ಲ. ನಿಮ್ಮ ಮಾವನವರು..." ಎಂದರು.

"ಯೋಳ್ಬೇಕಾದ್ದೇ. ಪಾಲಿಗೆ ಹಿಡಿದೋನು ನಾನಲ್ವಾ?" ಎಂದರು ಮಾವ. ಅಂದವರು ತಕ್ಷಣ ಫೋನು ತೆಗೆದುಕೊಳ್ಳಲಿಲ್ಲ. ಏಣಿಯನ್ನು ಆ ಕಡೆ ಇಟ್ಟರು, ಈ ಕಡೆ ಇಟ್ಟರು, ಟೀ ತರಿಸಿ ಕುಡಿದರು, ಹೆಡ್‌ಮಾಸ್ಟರನ್ನು ಕಾರಣವಿಲ್ಲದೆ ಬೈದರು. ಆಮೇಲೆ ಸ್ಕೂಲಿನ ಜಗಲಿಯ ಮೇಲೆ ಕೂತು, ಅಜ್ಜಂಗೆ ಫೋನ್ ಹಾಕು ಎಂದರು.

"ಅಜ್ಜ" ಎಂದರು ಸ್ಪೀಕರಿನ ಹತ್ತಿರ ಬಾಯಿಟ್ಟು, "ನಮ್ಮ ಹುಳ ಓದ್ವು."

ಹೇಳಿದೆ.

"ಗೊತ್ತು" ಎಂದರು ಲೆನರ್ಡ್. "ಪೆಟ್ಟಿಗೆಗೆ ಕಿವಿಯಿಟ್ಟು ಕೇಳಿದ್ದೆ. ಸದ್ದು ನಿಂತು ಬಹಳ ದಿನ ಆಯಿತು. ಕ್ಲಬ್ಬಿನ ಬೇರೆ ಯಾರೋ ನಿಮಗೆ ಹೇಳಿರಬೇಕು, ಹೆಲೆನ್ ಇನ್ನೂ ತೆರೆದು ನೋಡಿಲ್ಲ. ಬಂದು ಬಂದು ಚೆನ್ನಾಗಿವೆ ಅನ್ನುತ್ತಾಳೆ, ಪಾಪ. ನಾನು ಬೆಂಚಿಗೆ ಹೋಗುವುದು ಬಿಟ್ಟರೆ ಅವಳಿಗೆ ಅನುಮಾನ ಬರುತ್ತದೆ ಅಂತ ದಿನಾ ಹೋಗಿ ಕೂರುತ್ತೇನೆ. ತನ್ನ ಕೈಯಲ್ಲಿ ಸತ್ತವು ಅಂತ ಗೊತ್ತಾದರೆ ಅವಳು ತಡೆದುಕೊಳ್ಳುವುದಿಲ್ಲ. ನೀವೇ ಮೆಲ್ಲಗೆ ಹೇಳಿಬಿಡಿ ಅವಳಿಗೆ."

ಅದನ್ನು ಮಾವನಿಗೆ ಕನ್ನಡದಲ್ಲಿ ಹೇಳಿದೆ. ಮಾವ ಕಣ್ಣು ಕಿರಿದು ಮಾಡಿಕೊಂಡು ಮೇಲಿನ ಹೆಜ್ಜೇನನ್ನು ನೋಡುತ್ತಾ ಕೂತರು.

"ಇನ್ನೇನು, ಪಾಲು ಮುಗಿಯಿತು" ಎಂದರು ಆ ಕಡೆಯಿಂದ ಲೆನರ್ಡ್. "ಕೈಯಲ್ಲಿ ಬೇರೆ ಕೆಲಸ ಇಲ್ಲದವನಾದೆ."

"ಮುಗ್ದಿಲ್ಲ ಅನ್ನವ್ವ" ಎಂದರು ಮಾವ. "ನಮ್ ಕಡೆ ಪಾಲಿನ ಹಸ ಸತ್ರೆ, ಕಟ್ಕಂಡೋನು ಇನ್ನೊಂದು ತಂದು ಕಟ್ಬೇಕು, ಅದೇ ಪದ್ಧತಿ, ತಾತನ ಕಾಲದಿಂದ ಅಂಗೇ ನಡ್ಕಂಡ್ ಬಂದದೆ ಅನ್ನು. ಬಿಸ್ಲು ಬರ್ಲಿ, ಆ ಹೆಲೆನಮ್ಮ ಎಲ್ಲಾದ್ರೂ ಮರದಲ್ಲಿ ಕೂತಿರೋ ಜೇನು ಇಡ್ಕಂಡು ಬಂದು ಅದೇ ಪೆಟ್ಗೆಗೆ ತುಂಬ್ತಾಳೆ. ಅಜ್ಜ ಬೆಂಚು ಬುಡಂಗಿಲ್ಲ."

ನಮ್ಮ ಕಡೆ ಅಂಥ ಪದ್ಧತಿ ಇಲ್ಲ. ಹಸು ಸತ್ತರೆ ಪಾಲು ಅಲ್ಲಿಗೆ ತೀರಿತು, ಹಗ್ಗ ಬಿಚ್ಚಿಕೊಂಡು ಅವರವರ ದಾರಿ ಅವರದು. ಅದು ಮಾವನಿಗೆ ಗೊತ್ತು, ನನಗೂ ಗೊತ್ತು. ನಾನು ಒಂದಕ್ಷರವೂ ಬಿಡದೆ ಅನುವಾದ ಮಾಡಿದೆ.